ಬಾಸ್ಕೆಟ್‌ಬಾಲ್ ಟೀಮ್ ಊರು ಬಿಡ್ತದಂತೆ ಅಂತ ಸುದ್ದಿ ಬಂದ್ರೆ ಅದನ್ನು ಓದುದು ಹೇಗೆ

2013ರ ಜನವರಿಯಲ್ಲಿ ನಾನೊಂದು ಬೆಟ್ ಕಟ್ಟಿ ಸೋತೆ. ಅಮೆರಿಕದ ಸ್ಯಾಕ್ರಮೆಂಟೊ ಊರಿನ ಬಾಸ್ಕೆಟ್‌ಬಾಲ್ ಟೀಮ್ ಕಿಂಗ್ಸ್ ಸಿಯಾಟಲ್‌ಗೆ ಹೋಗುದು ಗ್ಯಾರಂಟಿ ಅಂತ ಹೇಳಿ ನಾಲ್ಕು ಜನರ ಹತ್ರ ಕೋರಿ ರೊಟ್ಟಿ ಊಟದ ಬೆಟ್. ಯಾಕೆ ಅಷ್ಟು ಧೈರ್ಯ ಅಂದ್ರೆ ಮಾರುವವರು ಒಪ್ಪಂದ ಮಾಡಿ ಆಗಿತ್ತು, ತೆಗೊಳ್ಳುವವರ ಹತ್ರ ದುಡ್ಡು ರಾಶಿ ಬಿದ್ದಿತ್ತು, ಸಿಯಾಟಲ್‌ನ ಜನ ಐದು ವರ್ಷದಿಂದ ಟೀಮ್ ಇಲ್ಲದೆ ಒದ್ದಾಡ್ತಾ ಇದ್ರು, ಇನ್ನೆಂತ ಬೇಕು ಮಾರ್ರೆ. ಮೇ ತಿಂಗಳಲ್ಲಿ ನಾಲ್ಕು ಜನಕ್ಕೂ ಊಟ ಕೊಡಿಸಿ ಬಿಲ್ಲು ಕಟ್ಟಿದ್ದು ನಾನೇ.

ಆಮೇಲೆ ಮಂಡೆ ಬಿಸಿ ಆಗಿ ಈ ಟೀಮ್ ಸ್ಥಳಾಂತರದ ವ್ಯವಹಾರ ಎಂತದ್ದು ಅಂತ ಬೇರಿಂದ ಓದ್ಲಿಕ್ಕೆ ಶುರು ಮಾಡಿದೆ. ಈಗ ನಮ್ಮ ಹಳೆ ಕಾಲೇಜ್ ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಇಂಥ ಟೀಮ್ ಇಂಥ ಊರಿಗೆ ಹೋಗ್ತದಂತೆ ಹೌದಾ ಅಂತ ಕೇಳಿದ್ರೆ ನನ್ನನ್ನೇ ಟ್ಯಾಗ್ ಮಾಡ್ತಾರೆ, ಪ್ರತಿ ಸಲ ಟೈಪ್ ಮಾಡಿ ಮಾಡಿ ಬೆರಳು ನೋಯ್ತದೆ, ಅದಕ್ಕೆ ಒಮ್ಮೆ ಪೂರಾ ಬರ್ದು ಇಡುವ ಅಂತ. ಮಂಗಳೂರಲ್ಲಿ ಕೂತು ನಮಗೆ ಇದೆಲ್ಲ ಎಂತಕ್ಕೆ ಅಂತ ಕೇಳುವವರು ಕೊನೆ ತನಕ ಓದಿ, ನಮ್ಮೂರಿನ ಸ್ಟೇಡಿಯಂಗೂ ಇದಕ್ಕೂ ಸಂಬಂಧ ಉಂಟು.

ಒಂದು ಸಣ್ಣ ಲೆಕ್ಕ ಮೊದ್ಲೇ ಹೇಳ್ತೇನೆ. ಅಮೆರಿಕದ ಸುದ್ದಿಯಲ್ಲಿ ಎಲ್ಲ ಮಿಲಿಯನ್ ಲೆಕ್ಕ, ನಮಗೆ ತಲೆಗೆ ಹೋಗುದಿಲ್ಲ, ಹತ್ತರಿಂದ ಭಾಗಿಸಿ, ಕೋಟಿ ಬರ್ತದೆ. 250 ಮಿಲಿಯನ್ ಅಂದ್ರೆ 25 ಕೋಟಿ ಡಾಲರ್, ಆಮೇಲೆ ರೂಪಾಯಿಗೆ ಗುಣಿಸಿ ನೀವೇ ತಲೆ ತಿರುಗಿಸಿಕೊಳ್ಳಿ.

ಈಗ ಮೂಲ ವಿಷಯ. ಟೀಮ್ ಅಂದ್ರೆ ಬಸ್ ಪರ್ಮಿಟ್ ಅಂತ ತಿಳ್ಕೊಳ್ಳಿ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ, ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿಂದ ಹೊರಡುವ ಒಂದೊಂದು ಖಾಸಗಿ ಬಸ್ಸಿಗೂ ಪರ್ಮಿಟ್ ಉಂಟು, ಬಸ್ಸಿಗಿಂತ ಆ ಪರ್ಮಿಟ್ಟಿಗೇ ಬೆಲೆ ಜಾಸ್ತಿ, ಹೊಸ ಪರ್ಮಿಟ್ ಸುಲಭಕ್ಕೆ ಸಿಗುದಿಲ್ಲ. ಎನ್‌ಬಿಎ ಅಂದ್ರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್, ಅದರಲ್ಲಿ 2004ರಿಂದ 30 ಟೀಮ್, ಷಾರ್ಲೆಟ್‌ಗೆ ಆ ವರ್ಷ ಕೊಟ್ಟದ್ದು 30ನೇದು. ಟೀಮ್ ಬೇಕು ಅನ್ನುವ ಊರು ಯಾವಾಗ್ಲೂ 30ಕ್ಕಿಂತ ಜಾಸ್ತಿ ಇರ್ತದೆ, ಇರುವ ಹಾಗೆ ಲೀಗಿನವರು ನೋಡ್ಕೊಳ್ತಾರೆ. ಎಲ್ಲ ಊರಿಗೂ ಟೀಮ್ ಸಿಕ್ಕಿ ಬಿಟ್ರೆ ಯಾವ ಓನರ್ ಯಾರನ್ನು ಹೆದರಿಸುದು? ಒಂದೋ ಎರಡೋ ಊರು ಬಾಗಿಲ ಹೊರಗೆ ಕಾಯ್ತಾ ನಿಂತಿದ್ರೆ ಮಾತ್ರ ಒಳಗಿದ್ದ ಊರಿನ ಮೇಯರ್‌ಗೆ ಬೆವರು ಬರ್ತದೆ. ನಮ್ಮ ಕ್ರಿಕೆಟಲ್ಲಿ ಈ ಆಟ ಇಷ್ಟು ಸಲೀಸಾಗಿ ನಡೆಯುದಿಲ್ಲ ಯಾಕಂದ್ರೆ ದೊಡ್ಡ ಸ್ಟೇಡಿಯಂ ಹೆಚ್ಚಿನವು ರಾಜ್ಯ ಅಸೋಸಿಯೇಶನ್ ಕೈಯಲ್ಲಿ ಇರುದು, ಚಿನ್ನಸ್ವಾಮಿ ಕೆಎಸ್‌ಸಿಎ ನಡೆಸುದು, ಆರ್‌ಸಿಬಿ ಅಲ್ಲಿಗೆ ಬಾಡಿಗೆ ಗಿರಾಕಿ ಅಷ್ಟೇ.

ಸುದ್ದಿ ಬಂದ ಕೂಡ್ಲೇ ಮೊದ್ಲು ಹುಡುಕ್ಬೇಕಾದ್ದು ಓನರ್ ಯಾವ ಊರಿನವ, ಎರಡನೇದು ಅರೀನಾದ, ಅಂದ್ರೆ ಟೀಮ್ ಆಡುವ ಇಂಡೋರ್ ಸ್ಟೇಡಿಯಂನ, ಲೀಸ್ ಯಾವ ವರ್ಷ ಮುಗಿತದೆ. ಈ ಎರಡು ಗೊತ್ತಾದ್ರೆ ಅರ್ಧ ಕಥೆ ಆಯ್ತು. ಸಿಯಾಟಲ್‌ನ್ನೇ ತೆಗೊಳ್ಳಿ. ಸೂಪರ್‌ಸಾನಿಕ್ಸ್ ಅಂತ ಟೀಮ್, 1967ರಿಂದ ಅಲ್ಲೇ, 1979ರಲ್ಲಿ ಚಾಂಪಿಯನ್. ಸ್ಟಾರ್‌ಬಕ್ಸ್ ಕಾಫಿಯ ಹೊವರ್ಡ್ ಶುಲ್ಟ್ಸ್ ಓನರ್ ಆಗಿದ್ರು, ಅರೀನಾ ಸಣ್ಣದಾಯ್ತು ಸರ್ಕಾರ ದುಡ್ಡು ಕೊಡಿ ಅಂತ ಕೇಳಿದ್ರು, ಸಿಗ್ಲಿಲ್ಲ, 2006ರಲ್ಲಿ 35 ಕೋಟಿ ಡಾಲರಿಗೆ ಮಾರಿದ್ರು. ತೆಗೊಂಡದ್ದು ಯಾರು? ಕ್ಲೇ ಬೆನೆಟ್ ಅಂತ, ಒಕ್ಲಹೋಮಾ ಸಿಟಿಯವ. ಅವನ ಪಾಲುದಾರರೂ ಅದೇ ಊರಿನವರು. ಆ ಊರಲ್ಲಿ ಆಗಲೇ ಹೊಸ ಅರೀನಾ ಉಂಟು, ಕತ್ರೀನಾ ಚಂಡಮಾರುತ ಬಂದು ನ್ಯೂ ಆರ್ಲಿಯನ್ಸ್ ಮುಳುಗಿದ ಮೇಲೆ ಅಲ್ಲಿನ ಟೀಮ್ 2005ರಿಂದ ಎರಡು ಸೀಸನ್ ಒಕ್ಲಹೋಮಾದಲ್ಲೇ ಆಡಿತ್ತು, ಜನ ತುಂಬಿ ತುಳುಕಿದ್ರು. ಇಷ್ಟು ಗೊತ್ತಿದ್ದವನಿಗೆ ಬೆನೆಟ್ ಎಷ್ಟು ಸಲ ನಾವು ಸಿಯಾಟಲ್‌ನಲ್ಲೇ ಇರ್ತೇವೆ ಅಂತ ಹೇಳಿದ್ರೂ ನಂಬ್ಲಿಕ್ಕೆ ಆಗ್ತದಾ. ಪಡುಬಿದ್ರಿಯವ ಮಂಗಳೂರಲ್ಲಿ ಅಂಗಡಿ ತೆಗೊಂಡು ಪಡುಬಿದ್ರಿಯಲ್ಲಿ ಆಗಲೇ ಖಾಲಿ ಕಟ್ಟಡ ಇಟ್ಕೊಂಡಿದ್ರೆ ನೀವೆಂತ ಅಂದುಕೊಳ್ತೀರಿ?

ಬೆನೆಟ್ ರೆಂಟನ್ ಅನ್ನುವ ಪಕ್ಕದ ಊರಲ್ಲಿ 50 ಕೋಟಿ ಡಾಲರಿನ ಅರೀನಾ ಕೇಳಿದ, ಹೆಚ್ಚಿನ ದುಡ್ಡು ಸರ್ಕಾರದ್ದೇ ಆಗ್ಬೇಕು. ಇದನ್ನು ನಾನು ಆಗದ ಬೇಡಿಕೆ ಅಂತ ಕರಿತೇನೆ. ಇಲ್ಲ ಅಂತ ಹೇಳಿಸ್ಲಿಕ್ಕೇ ಕೇಳುದು, ಹೇಳಿದ ಮೇಲೆ ನೋಡಿ ನಾವು ಪ್ರಯತ್ನ ಮಾಡಿದ್ದೇವೆ ಅಂತ ಕೈ ತೊಳ್ಕೊಳ್ಳುದು. 2007ರ ಆಗಸ್ಟಲ್ಲಿ ಅವನ ಪಾಲುದಾರ ಒಬ್ಬ, ಆಬ್ರಿ ಮೆಕ್ಲೆಂಡನ್, ಬಾಯಿ ತಪ್ಪಿ ಊರಿನ ಪೇಪರಿಗೆ ನಾವು ಟೀಮ್ ತೆಗೊಂಡದ್ದು ಸಿಯಾಟಲ್‌ನಲ್ಲಿ ಇಡ್ಲಿಕ್ಕೆ ಅಲ್ಲ ಅಂತ ಹೇಳಿಯೇ ಬಿಟ್ಟ, ಲೀಗ್ ಅವನಿಗೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಸತ್ಯ ಹೇಳಿದವ ಅವನೊಬ್ಬನೇ, ದಂಡ ಬಿದ್ದದ್ದೂ ಅವನಿಗೇ.

ಲೀಸ್ 2010ರ ತನಕ ಇತ್ತು. ಸಿಟಿಯವರು ಕೋರ್ಟಿಗೆ ಹೋದ್ರು, ವಿಚಾರಣೆ ಆಯ್ತು, 2008ರ ಜುಲೈ 2ರಂದು ಜಡ್ಜ್ ತೀರ್ಪು ಹೇಳುದಕ್ಕೆ ಕೆಲವೇ ಗಂಟೆ ಮೊದ್ಲು ರಾಜಿ. 4.5 ಕೋಟಿ ಡಾಲರ್ ಕೊಟ್ಟು ಟೀಮ್ ಒಕ್ಲಹೋಮಾ ಸಿಟಿಗೆ ಹೊರಟಿತು, ಸಾನಿಕ್ಸ್ ಅನ್ನುವ ಹೆಸರು, ಬಣ್ಣ, ಲೋಗೋ ಮಾತ್ರ ಸಿಯಾಟಲ್‌ನಲ್ಲೇ ಬಿಟ್ಟು ಹೋದ್ರು. ಅದಕ್ಕೇ ಲೀಸ್ ಓದುವಾಗ ಮುಗಿಯುವ ತಾರೀಕು ಮಾತ್ರ ನೋಡಿದ್ರೆ ಸಾಲ್ದು, ಮಧ್ಯದಲ್ಲಿ ಬಿಟ್ಟು ಹೋದ್ರೆ ಎಂತ ಅಂತ ನೋಡ್ಬೇಕು. ದಂಡ ಕಟ್ಟಿದ್ರೆ ಹೋಗ್ಬಹುದಾ, ಅಥವಾ ಇಲ್ಲೇ ಆಡ್ಲೇಬೇಕು ಅಂತ ಕೋರ್ಟ್ ಹಿಡಿದು ಕೂರಿಸ್ಲಿಕ್ಕೆ ಆಗ್ತದಾ. ದಂಡ ಕಟ್ಟಿ ಹೋಗುದಾದ್ರೆ ಅದು ಬೀಗ ಅಲ್ಲ, ಗೇಟಿನ ಟೋಲ್ ಅಷ್ಟೇ.

ಈಗ ನಾನು ಬೆಟ್ ಸೋತ ಜಾಗಕ್ಕೆ ಬರುವ. ಟೀಮ್ ಮಾರುವವ ತೆಗೊಳ್ಳುವವ ಇಬ್ರೂ ಸಹಿ ಹಾಕಿದ್ರೂ ವ್ಯಾಪಾರ ಮುಗಿಯುದಿಲ್ಲ, ಉಳಿದ ಓನರ್‌ಗಳು ಓಟು ಹಾಕ್ಬೇಕು. ಟೀಮ್ ಕೈ ಬದಲಾಗ್ಲಿಕ್ಕೆ ನಾಲ್ಕರಲ್ಲಿ ಮೂರು ಪಾಲು, ಅಂದ್ರೆ 30ರಲ್ಲಿ 23 ಓಟು. ಊರು ಬದಲಾಗ್ಲಿಕ್ಕೆ ಬರೇ ಬಹುಮತ ಸಾಕು. ಇದು ನನಗೆ ಆಗ ಗೊತ್ತೇ ಇರ್ಲಿಲ್ಲ.

ಕಿಂಗ್ಸ್ ಅನ್ನುದು ಹುಟ್ಟಿದ್ದೇ ಅಲೆಮಾರಿ ಟೀಮ್. ರಾಚೆಸ್ಟರ್, ಅಲ್ಲಿಂದ 1957ಕ್ಕೆ ಸಿನ್ಸಿನಾಟಿ, 1972ಕ್ಕೆ ಕಾನ್ಸಸ್ ಸಿಟಿ ಮತ್ತು ಒಮಾಹಾ ಎರಡೂ ಕಡೆ, 1985ಕ್ಕೆ ಸ್ಯಾಕ್ರಮೆಂಟೊ. ಪತ್ತನಾಜೆಗೆ, ಅಂದ್ರೆ ಯಕ್ಷಗಾನದ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿ ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರುವ ಕಲಾವಿದನ ಹಾಗೆ, ಆದ್ರೆ ಇಲ್ಲಿ ಇಡೀ ಮೇಳವೇ ಪೆಟ್ಟಿಗೆ ಕಟ್ಟುದು. ಮಾಲೂಫ್ ಅಣ್ಣತಮ್ಮಂದಿರು ಓನರ್, ಹಳೆ ಅರೀನಾ 1988ರದ್ದು. 2006ರಲ್ಲಿ ಹೊಸ ಅರೀನಾಕ್ಕೆ ಸೇಲ್ಸ್ ಟ್ಯಾಕ್ಸ್ ಜಾಸ್ತಿ ಮಾಡುವನಾ ಅಂತ ಜನರ ಹತ್ರ ಓಟಿಗೆ ಇಟ್ರು, ಜನ ಭಾರಿ ಅಂತರದಲ್ಲಿ ಬೇಡ ಅಂದ್ರು. 2011ರಲ್ಲಿ ಟೀಮ್ ಅನಾಹೈಮ್‌ಗೆ ಹೋಗ್ತೇವೆ ಅಂತ ಹೊರಟಿತು, ಹೇಗೋ ನಿಂತಿತು. 2012ರಲ್ಲಿ ಅರೀನಾ ಒಪ್ಪಂದ ಆಯ್ತು ಅಂತ ಎಲ್ಲರೂ ಕುಣಿದ್ರು, ಎರಡು ತಿಂಗಳಲ್ಲಿ ಮುರಿದು ಬಿತ್ತು. 2013 ಜನವರಿಯಲ್ಲಿ ಕ್ರಿಸ್ ಹ್ಯಾನ್ಸನ್ ಅಂತ ಹೆಡ್ಜ್ ಫಂಡ್ ಮನುಷ್ಯ ಮತ್ತೆ ಮೈಕ್ರೋಸಾಫ್ಟಿನ ಸ್ಟೀವ್ ಬಾಮರ್ ಸೇರಿ ಟೀಮಿನ 65 ಶೇಕಡಾ ಪಾಲು ತೆಗೊಳ್ಳುವ ಒಪ್ಪಂದ, ಟೀಮಿನ ಒಟ್ಟು ಬೆಲೆ 52.5 ಕೋಟಿ ಡಾಲರ್ ಅಂತ ಲೆಕ್ಕ ಹಿಡಿದು.

ಸ್ಯಾಕ್ರಮೆಂಟೊ ಮೇಯರ್ ಕೆವಿನ್ ಜಾನ್ಸನ್, ಅವರೇ ಒಂದು ಕಾಲದಲ್ಲಿ ಎನ್‌ಬಿಎ ಆಟಗಾರ, ಫೀನಿಕ್ಸ್‌ನಲ್ಲಿ ಪಾಯಿಂಟ್ ಗಾರ್ಡ್. ಅವರು ಎಂತ ಮಾಡಿದ್ರು ನೋಡಿ. ಅಳ್ಲಿಲ್ಲ, ಕೋರ್ಟಿಗೂ ಹೋಗ್ಲಿಲ್ಲ. ಒಂದು ಕೈಯಲ್ಲಿ ಊರಲ್ಲೇ ಇಡ್ತೇನೆ ಅನ್ನುವ ಬೇರೆ ಗಿರಾಕಿ ಹುಡುಕಿದ್ರು, ಅವರೇ ವಿವೇಕ್ ರಣದಿವೆ, ಮುಂಬೈಯಲ್ಲಿ ಹುಟ್ಟಿ ಬೆಳೆದವರು, ಆಗ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನಲ್ಲಿ ಸಣ್ಣ ಪಾಲು ಇತ್ತು. ಇನ್ನೊಂದು ಕೈಯಲ್ಲಿ ಮಾರ್ಚ್ 26ಕ್ಕೆ ಸಿಟಿ ಕೌನ್ಸಿಲಿಂದ 7–2 ಓಟಲ್ಲಿ ಅರೀನಾಕ್ಕೆ ಸರ್ಕಾರಿ ದುಡ್ಡು ಮಂಜೂರು ಮಾಡಿಸಿಕೊಂಡ್ರು, 25 ಕೋಟಿ ಡಾಲರಿಗಿಂತ ಜಾಸ್ತಿ. ಹ್ಯಾನ್ಸನ್ ಬೆಲೆ ಏರಿಸ್ತಾ ಹೋದ, ಕೊನೆಗೆ 62.5 ಕೋಟಿ ತನಕ ಹೋಗಿ ಅದರ ಮೇಲೆ ಉಳಿದ ಓನರ್‌ಗಳಿಗೆ ಹಂಚ್ಲಿಕ್ಕೆ 11.5 ಕೋಟಿ ಸ್ಥಳಾಂತರ ಫೀ ಬೇರೆ ಕೊಡ್ತೇನೆ ಅಂದ. ಮೇ 15ಕ್ಕೆ ಓಟು. 22–8, ಟೀಮ್ ಸ್ಯಾಕ್ರಮೆಂಟೊದಲ್ಲೇ ಇರ್ಲಿ ಅಂತ. ಜಾಸ್ತಿ ದುಡ್ಡು ಕೊಡ್ತೇನೆ ಅಂದವ ಸೋತ, ನಾನೂ ಸೋತೆ.

ಯಾಕೆ ಹೀಗಾಯ್ತು ಅಂತ ತುಂಬ ಸಮಯ ಅರ್ಥ ಆಗ್ಲಿಲ್ಲ. ಅದೇ ಲೀಗ್ 2008ರಲ್ಲಿ ಸಾನಿಕ್ಸ್ ಒಕ್ಲಹೋಮಾಕ್ಕೆ ಹೋಗ್ಲಿ ಅಂತ 28–2ರಲ್ಲಿ ಓಟು ಹಾಕಿತ್ತು, ಆಗ ಊರಿನ ಜನರ 41 ವರ್ಷದ ಪ್ರೀತಿ ಯಾರಿಗೂ ಕಾಣ್ಲಿಲ್ಲ. ವ್ಯತ್ಯಾಸ ಒಂದೇ. ಸಿಯಾಟಲ್ ಸರ್ಕಾರಿ ಕಿಸೆಗೆ ಕೈ ಹಾಕ್ಲಿಲ್ಲ, 2006ರ ನವೆಂಬರಲ್ಲಿ ಜನರೇ ಓಟು ಹಾಕಿ ಇನಿಶಿಯೇಟಿವ್ 91 ಅಂತ ಒಂದು ಕಾನೂನು ಮಾಡಿದ್ರು, ಸಿಟಿ ಅರೀನಾಕ್ಕೆ ದುಡ್ಡು ಹಾಕಿದ್ರೆ ಕನಿಷ್ಠ ಸರ್ಕಾರಿ ಬಾಂಡಿನಷ್ಟಾದ್ರೂ ಲಾಭ ವಾಪಸ್ ಬರ್ಬೇಕು ಅಂತ, 70 ಶೇಕಡಾಕ್ಕಿಂತ ಜಾಸ್ತಿ ಜನ ಸೈ ಅಂದ್ರು. ಒಕ್ಲಹೋಮಾದವರು 2008ರ ಮಾರ್ಚಲ್ಲಿ ತಮ್ಮ ಸೇಲ್ಸ್ ಟ್ಯಾಕ್ಸಿಂದ ಅರೀನಾಕ್ಕೆ ಸುಮಾರು 12 ಕೋಟಿ ಡಾಲರ್ ಹಾಕ್ಲಿಕ್ಕೆ ಒಪ್ಪಿದ್ರು. ಸ್ಯಾಕ್ರಮೆಂಟೊ 2013ರಲ್ಲಿ ಒಪ್ಪಿತು. ಈಗ ನೀವು ಓನರ್ ಕುರ್ಚಿಯಲ್ಲಿ ಕೂತು ಯೋಚನೆ ಮಾಡಿ, ನಾಳೆ ನಿಮ್ಮ ಊರಿನ ಮೇಯರ್ ಹತ್ರ ನೀವೂ ದುಡ್ಡು ಕೇಳ್ಲಿಕ್ಕೆ ಹೋಗ್ಬೇಕು. ದುಡ್ಡು ಕೊಟ್ಟ ಊರಿಂದಲೂ ಟೀಮ್ ಕಿತ್ಕೊಂಡು ಹೋದ್ರೆ ಮತ್ತೆ ಯಾವ ಮೇಯರ್ ಕೊಡ್ತಾನೆ? ಕೊಟ್ಟವನಿಗೆ ಟೀಮ್ ಉಳಿತದೆ, ಕೊಡದವನಿಗೆ ಹೋಗ್ತದೆ, ಇದು ಎಲ್ಲರಿಗೂ ಕಾಣುವ ಹಾಗೆ ನಡಿಬೇಕು. ಹ್ಯಾನ್ಸನ್ ಹೆಚ್ಚು ಕೊಡ್ತೇನೆ ಅಂದ ಕೆಲವು ಕೋಟಿಗಿಂತ ಆ ಪಾಠಕ್ಕೆ 30 ಓನರ್‌ಗಳ ಲೆಕ್ಕದಲ್ಲಿ ಬೆಲೆ ಜಾಸ್ತಿ. ಇದು ನನ್ನ ಓದು, ಲೀಗಿನವರು ಹೀಗೆ ಬಾಯಿ ಬಿಟ್ಟು ಹೇಳುದಿಲ್ಲ. ಆದ್ರೆ ಈಗ ನಾನು ಯಾವ ಸ್ಥಳಾಂತರದ ಸುದ್ದಿ ಬಂದ್ರೂ ಭಾಷಣ ಎಲ್ಲ ಬಿಟ್ಟು ಒಂದೇ ವಿಷಯ ನೋಡುದು, ಕೌನ್ಸಿಲಲ್ಲಿ ದುಡ್ಡಿನ ಓಟು ಆಗಿದೆಯಾ ಇಲ್ವಾ.

ಬಾಮರ್ ಎಂತ ಮಾಡಿದ ಅಂದ್ರೆ ಮರುವರ್ಷ 200 ಕೋಟಿ ಡಾಲರ್ ಕೊಟ್ಟು ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ಟೀಮ್ ತೆಗೊಂಡ.

ಹೆದರಿಸುದು ನಿಜವಾ ಬರೇ ಬೊಬ್ಬೆಯಾ ಅಂತ ಗೊತ್ತಾಗ್ಲಿಕ್ಕೆ ಎದುರಿನ ಊರನ್ನು ನೋಡ್ಬೇಕು. ಅಲ್ಲಿ ಅರೀನಾ ಕಟ್ಟಿ ಆಗಿದೆಯಾ, ಕಾಗದದ ಮೇಲೆ ಮಾತ್ರ ಉಂಟಾ, ಅಲ್ಲಿನ ಶಾಸಕರು ದುಡ್ಡಿಗೆ ಒಪ್ಪಿದ್ದಾರಾ. 2023ರ ಡಿಸೆಂಬರಲ್ಲಿ ವಾಷಿಂಗ್ಟನ್ ವಿಜರ್ಡ್ಸ್ ಓನರ್ ಟೆಡ್ ಲಿಯೊನ್ಸಿಸ್ ನದಿ ದಾಟಿ ವರ್ಜೀನಿಯಾಕ್ಕೆ ಹೋಗ್ತೇನೆ ಅಂತ ಗವರ್ನರ್ ಜೊತೆ ನಿಂತು ಫೋಟೋ ಹೊಡೆಸಿಕೊಂಡ್ರು, ನೋಡಿದ್ರೆ ಮುಗ್ದೇ ಹೋಯ್ತು ಅನ್ನುವ ಹಾಗಿತ್ತು. ಅಲ್ಲಿನ ಶಾಸನಸಭೆ ಬಗ್ಗಲಿಲ್ಲ, ಮಾರ್ಚಿಗೆ ಎಲ್ಲ ಠುಸ್. ಆದ್ರೆ ಖಾಲಿ ಕೈಯಲ್ಲಿ ವಾಪಸ್ ಬಂದ್ರಾ? ಇಲ್ಲ ಮಾರ್ರೆ, ವಾಷಿಂಗ್ಟನ್ ಸಿಟಿಯವರು 51.5 ಕೋಟಿ ಡಾಲರ್ ಕೊಡುವ ಒಪ್ಪಂದ ಆಯ್ತು, ಟೀಮ್ 2050ರ ತನಕ ಅಲ್ಲೇ. ಹೋಗದೆಯೇ ಕೆಲಸ ಆಯ್ತು.

ಇನ್ನು ಕಾನ್ಸಸ್ ಸಿಟಿಯದ್ದು ನೋಡಿದ್ರೆ ನಗು ಬರ್ತದೆ. 1985ರಲ್ಲಿ ಕಿಂಗ್ಸ್ ಕಳ್ಕೊಂಡ ಊರು, 2007ರಲ್ಲಿ ಲಾಯ್ಕದ ಅರೀನಾ ಕಟ್ಟಿ ಟೀಮ್ ಬರ್ತದೆ ಅಂತ ಕಾದು ಕೂತ್ರು. ಬಂದು ಹೋದವರೆಲ್ಲ ಅದನ್ನು ತೋರಿಸಿ ತಮ್ಮ ಊರಲ್ಲಿ ರೇಟ್ ಏರಿಸಿಕೊಂಡದ್ದೇ, ಟೀಮ್ ಯಾರೂ ತರ್ಲಿಲ್ಲ. ಪಾಪ, ಆದ್ರೆ ಸಂಗೀತ ಕಾರ್ಯಕ್ರಮ ಕಾಲೇಜ್ ಟೂರ್ನಮೆಂಟ್ ಅಂತ ಅರೀನಾ ಚೆನ್ನಾಗೇ ನಡೀತದೆ, ಟೀಮಿಗೆ ಲಾಭ ಹಂಚುವ ಪಂಚಾತಿಗೆಯೂ ಇಲ್ಲ.

ಈಗ ದುಡ್ಡಿನ ಕಾಗದ ಓದುದು. ಟರ್ಮ್ ಶೀಟ್ ಅಂತ ಹೇಳ್ತಾರೆ, ಒಪ್ಪಂದದ ಮುಖ್ಯ ಕರಾರುಗಳ ಪಟ್ಟಿ ಅದು, ಹೆಚ್ಚಿನ ಸಿಟಿಗಳಲ್ಲಿ ಕೌನ್ಸಿಲ್ ಮೀಟಿಂಗಿಗೆ ಮೊದ್ಲು ಸಿಟಿಯ ವೆಬ್‌ಸೈಟಲ್ಲಿ ಹಾಕ್ತಾರೆ, ನೀವು ಕಂಕನಾಡಿಯಲ್ಲಿ ಕೂತೂ ಓದ್ಬಹುದು. ಪೇಪರಿನ ಹೆಡ್‌ಲೈನಲ್ಲಿ ಸಿಟಿಯ ಪಾಲು ಇಷ್ಟು, ಟೀಮಿನ ಪಾಲು ಇಷ್ಟು ಅಂತ ಎರಡು ಸಂಖ್ಯೆ ಬರ್ತದೆ. ಆ ಎರಡು ಸಂಖ್ಯೆಯನ್ನು ಹಾಗೇ ನಂಬ್ಬೇಡಿ. ಸ್ಯಾಕ್ರಮೆಂಟೊದ್ದನ್ನೇ ಬಿಡಿಸಿ ನೋಡುವ. ಸಿಟಿಯ ಪಾಲು 25.5 ಕೋಟಿ ಡಾಲರ್ ಅಂತ, ಆದ್ರೆ ಅದು ನಗದು ಅಲ್ಲ. ಹೆಚ್ಚಿನದ್ದು ಬಾಂಡ್ ಮಾಡಿ ಸಾಲ ಎತ್ತುದು, ಆ ಸಾಲ ತೀರಿಸ್ಲಿಕ್ಕೆ ಡೌನ್‌ಟೌನ್ ಪಾರ್ಕಿಂಗಿಂದ ಮುಂದೆ ಬರುವ ಆದಾಯ. ಅದರ ಮೇಲೆ ಸಿಟಿಯ ಜಮೀನು, ಮತ್ತೆ ಡಿಜಿಟಲ್ ಬಿಲ್‌ಬೋರ್ಡ್ ಹಾಕುವ ಹಕ್ಕು. ಇದನ್ನು ನಮ್ಮ ಲೆಕ್ಕಕ್ಕೆ ತನ್ನಿ, ಹಂಪನಕಟ್ಟೆ ಸುತ್ತಮುತ್ತ ಮುಂದಿನ ಮೂವತ್ತು ಮೂವತ್ತೈದು ವರ್ಷ ಬೀಳುವ ಪಾರ್ಕಿಂಗ್ ದುಡ್ಡನ್ನು ಇವತ್ತೇ ಅಡವಿಟ್ಟು ಕಟ್ಟಡ ಎಬ್ಬಿಸಿದ ಹಾಗೆ. ಪಾರ್ಕಿಂಗ್ ದುಡ್ಡು ಟ್ಯಾಕ್ಸ್ ಅಲ್ಲವಲ್ಲ ಅಂತ ಹೇಳ್ತಾರೆ, ಸಮ, ಟ್ಯಾಕ್ಸ್ ಅಲ್ಲ, ಆದ್ರೆ ಅದು ಮೊದ್ಲು ಸಿಟಿಯ ಖರ್ಚಿಗೆ ಹೋಗ್ತಾ ಇತ್ತಲ್ಲ, ಈಗ ಆ ತೂತು ಯಾವುದರಿಂದ ಮುಚ್ಚುದು? 2020ರಲ್ಲಿ ಕೊರೊನಾ ಬಂದು ಡೌನ್‌ಟೌನ್ ಆಫೀಸೆಲ್ಲ ಖಾಲಿ ಆದಾಗ ಪಾರ್ಕಿಂಗಿಗೆ ಯಾರು ಬರ್ತಾರೆ, ಸಾಲದ ಕಂತು ಮಾತ್ರ ಕಾಯುದಿಲ್ಲ.

ಆದ್ರೂ ನ್ಯಾಯವಾಗಿ ಹೇಳ್ಬೇಕು, ಆ ಒಪ್ಪಂದದಲ್ಲಿ ಕೆಲವು ಒಳ್ಳೆ ಸಂಗತಿ ಉಂಟು. ಅರೀನಾ ಸಿಟಿಯ ಸ್ವತ್ತು, ಟೀಮ್ 35 ವರ್ಷ ಊರು ಬಿಡ್ಲಿಕ್ಕಿಲ್ಲ ಅಂತ ಕರಾರು, ಮತ್ತೆ ಮುಖ್ಯವಾದ್ದು, ಕಟ್ಟುವ ಖರ್ಚು ಏರಿದ್ರೆ ಅದು ಟೀಮಿನ ತಲೆಗೆ. 2014ರಲ್ಲಿ ಮಂಜೂರಾಗುವಾಗ 47.7 ಕೋಟಿ ಅಂತ ಇದ್ದದ್ದು 2016ರಲ್ಲಿ ಬಾಗಿಲು ತೆರೆಯುವಾಗ 55 ಕೋಟಿ ದಾಟಿತ್ತು, ಸಿಟಿಯ ಪಾಲು ಏರ್ಲಿಲ್ಲ. ನೀವು ಯಾವ ಒಪ್ಪಂದ ಓದಿದ್ರೂ ಖರ್ಚು ಏರಿದ್ರೆ ಯಾರು ಅನ್ನುವ ಸಾಲನ್ನು ಮೊದ್ಲು ಹುಡುಕಿ, ಅದು ಇಲ್ಲದಿದ್ರೆ ಉಳಿದದ್ದೆಲ್ಲ ಓದಿ ಪ್ರಯೋಜನ ಇಲ್ಲ. ಆಮೇಲೆ ಟೀಮ್ ಆಡದ ದಿನ ಸಂಗೀತ ಕಾರ್ಯಕ್ರಮ ಆದ್ರೆ ಅದರ ದುಡ್ಡು ಯಾರಿಗೆ, ಅರೀನಾಕ್ಕೆ ಹೆಸರು ಇಡುವ ಹಕ್ಕು ಮಾರಿದ ದುಡ್ಡು ಯಾರಿಗೆ, ಹದಿನೈದು ವರ್ಷದ ಮೇಲೆ ಛಾವಣಿ ಸೋರಿದ್ರೆ ರಿಪೇರಿ ಯಾರು. ನಮ್ಮ ಕರಾವಳಿ ಮಳೆ ಕಂಡವರಿಗೆ ಈ ಕೊನೆ ಪ್ರಶ್ನೆ ಎಂತಕ್ಕೆ ಅಂತ ಹೇಳ್ಬೇಕಾಗಿಲ್ಲ.

ಅಮೆರಿಕದಲ್ಲಿ ಒಂದು ವಿಚಿತ್ರ ಕಾನೂನೂ ಉಂಟು. 1986ರಲ್ಲಿ ಟ್ಯಾಕ್ಸ್ ಸುಧಾರಣೆ ಮಾಡುವಾಗ, ಸ್ಟೇಡಿಯಂ ಬಾಂಡಿಗೆ ಕೇಂದ್ರದ ಟ್ಯಾಕ್ಸ್ ವಿನಾಯಿತಿ ಬೇಕಾದ್ರೆ ಸಾಲದ ಕಂತಿನಲ್ಲಿ ಸ್ಟೇಡಿಯಂ ಆದಾಯದಿಂದ ಬರುದು 10 ಶೇಕಡಾ ದಾಟ್ಲಿಕ್ಕಿಲ್ಲ ಅಂತ ಮಾಡಿದ್ರು. ಉದ್ದೇಶ ಎಂತ, ಯಾವ ಊರು ಪೂರಾ ಸಾಲ ಜನರ ಟ್ಯಾಕ್ಸಿಂದ ಕಟ್ತದೆ, ಕಟ್ಟುದಿಲ್ಲ, ಹಾಗಾಗಿ ಈ ವಿನಾಯಿತಿಯೇ ನಿಂತು ಹೋಗ್ತದೆ ಅಂತ. ಊರುಗಳು ಎಂತ ಮಾಡಿದ್ವು? ಪೂರಾ ಜನರ ಟ್ಯಾಕ್ಸಿಂದಲೇ ಕಟ್ಟಿದ್ವು. ಬಾಡಿಗೆ ಕಡಿಮೆ ಮಾಡಿ ಟೀಮಿಗೆ ಅನುಕೂಲ ಮಾಡಿ ಕೊಟ್ಟು ಸಾಲ ತಾವು ಹೊತ್ಕೊಂಡ್ವು. ಕಳ್ಳನಿಗೆ ಅಂತ ಹಾಕಿದ ಬೇಲಿ ಹಾರಿ ಮನೆಯವರೇ ಕಾಲು ಮುರ್ಕೊಂಡ ಹಾಗೆ.

ಅರೀನಾ ಬಂದ್ರೆ ಊರು ಉದ್ಧಾರ ಆಗ್ತದೆ, ಇಷ್ಟು ಸಾವಿರ ಕೆಲಸ, ಇಷ್ಟು ಕೋಟಿ ವ್ಯಾಪಾರ ಅಂತ ಒಂದು ವರದಿ ಬಂದೇ ಬರ್ತದೆ. ಆ ವರದಿ ಮಾಡಿಸಿದ್ದು ಯಾರು ಅಂತ ನೋಡಿ, ಟೀಮೇ ದುಡ್ಡು ಕೊಟ್ಟು ಮಾಡಿಸಿದ್ರೆ ಪಕ್ಕಕ್ಕಿಡಿ. ಅರ್ಥಶಾಸ್ತ್ರದವರು ಮೂವತ್ತು ವರ್ಷಕ್ಕಿಂತ ಜಾಸ್ತಿ ಇದನ್ನು ಅಳೆದು ನೋಡಿ ಹೆಚ್ಚುಕಮ್ಮಿ ಒಂದೇ ಮಾತು ಹೇಳ್ತಾರೆ, ಹಾಕಿದ ಸರ್ಕಾರಿ ದುಡ್ಡು ವಾಪಸ್ ಬರುದಿಲ್ಲ. ಅವರವರೇ ಯಾವುದಕ್ಕೂ ಒಪ್ಪದ ಜನ ಇದಕ್ಕೆ ಒಪ್ತಾರೆ. ಕಾರಣ ಸಿಂಪಲ್. ಒಂದು ಮನೆಯವರು ಆದಿತ್ಯವಾರ ಸಂಜೆ ಖರ್ಚು ಮಾಡುದು ಇಷ್ಟೇ ಅಂತ ಇರ್ತದೆ, ಪಣಂಬೂರು ಬೀಚಿಗೆ ಹೋಗಿ ಚರುಮುರಿ ತಿಂದು ಬರುವಾಗ ಗಡ್‌ಬಡ್ ಐಸ್‌ಕ್ರೀಮ್ ಹೊಡೆದ್ರೆ ಆಯ್ತು. ಮ್ಯಾಚಿಗೆ ಹೋದ್ರೆ ಆ ದುಡ್ಡೇ ಅಲ್ಲಿಗೆ ಹೋಗುದು, ಚರುಮುರಿಯವನಿಗೆ ಅವತ್ತು ವ್ಯಾಪಾರ ಇಲ್ಲ. ಊರಿಗೆ ಹೊಸ ದುಡ್ಡು ಬರ್ಲಿಲ್ಲ, ಜಾಗ ಬದಲಾಯ್ತು ಅಷ್ಟೇ, ಮತ್ತೆ ಚರುಮುರಿಯವ ಊರಲ್ಲೇ ಖರ್ಚು ಮಾಡ್ತಾನೆ, ಕೋಟಿಗಟ್ಲೆ ಸಂಬಳದ ಆಟಗಾರ ಸೀಸನ್ ಮುಗಿದ ಕೂಡ್ಲೇ ಬೇರೆ ಊರಿನ ಮನೆಗೆ ಹೋಗ್ತಾನೆ.

ಹಾಗಂತ ಟೀಮ್ ಬೇಡ ಅಂತ ನಾನು ಹೇಳುವವ ಅಲ್ಲ. 2023ರಲ್ಲಿ ಕಿಂಗ್ಸ್ 16 ಸೀಸನ್ ಬಿಟ್ಟು ಪ್ಲೇಆಫಿಗೆ ಹೋದಾಗ, ಗೆದ್ದ ರಾತ್ರಿ ಅರೀನಾ ಮೇಲಿಂದ ಆಕಾಶಕ್ಕೆ ನೇರಳೆ ಬಣ್ಣದ ಲೈಟ್ ಬಿಡ್ತಾ ಇದ್ರು, ಇಲ್ಲಿ ಬೆಳಿಗ್ಗೆ ನೀರ್ ದೋಸೆ ತಿಂತಾ ಫೋನಲ್ಲಿ ಅದನ್ನು ನೋಡಿ ನನಗೇ ಒಂಥರಾ ಆಗ್ತಿತ್ತು, ಅಲ್ಲಿಯವರಿಗೆ ಹೇಗಾಗಿರ್ಬೇಡ. ಅದೇ ಟೀಮ್ 2019ರಲ್ಲಿ ಮುಂಬೈಗೆ ಬಂದು ಇಂಡಿಯಾನಾ ಪೇಸರ್ಸ್ ಜೊತೆ ಆಡಿತ್ತು, ಭಾರತದಲ್ಲಿ ಆದ ಮೊದಲ ಎನ್‌ಬಿಎ ಮ್ಯಾಚ್ ಅದು. ಖುಷಿಗೆ ದುಡ್ಡು ಕೊಡುದು ತಪ್ಪಲ್ಲ. ಖುಷಿಗೆ ಕೊಡ್ತೇವೆ ಅಂತ ಹೇಳಿ ಕೊಡ್ಲಿ, ಲಾಭ ಬರ್ತದೆ ಅಂತ ಸುಳ್ಳು ಹೇಳುದು ಯಾಕೆ. ಆ ಲೆಕ್ಕದಲ್ಲಿ ಒಕ್ಲಹೋಮಾ ಸಿಟಿಯವರು ನೇರ ಜನ, 2023ರ ಡಿಸೆಂಬರಲ್ಲಿ ಹೊಸ ಅರೀನಾಕ್ಕೆ ಕನಿಷ್ಠ 90 ಕೋಟಿ ಡಾಲರ್, ಅದರಲ್ಲಿ ಟೀಮ್ ಕೊಡುದು 5 ಕೋಟಿ ಮಾತ್ರ, ಉಳಿದದ್ದು ಹೆಚ್ಚಿನಂಶ ಸೇಲ್ಸ್ ಟ್ಯಾಕ್ಸ್, ಜನರ ಎದುರಿಗೆ ಇಟ್ರು, 71 ಶೇಕಡಾ ಜನ ಹೌದು ಅಂದ್ರು. ನನಗೆ ಕೇಳಿದ್ರೆ ಅದು ಮಹಾ ಕೆಟ್ಟ ಒಪ್ಪಂದ. ಆದ್ರೆ ಓಟು ಹಾಕಿ ಕೊಟ್ಟಿದ್ದಾರೆ, 2025ರಲ್ಲಿ ಚಾಂಪಿಯನ್ ಕೂಡ ಆದ್ರು, ನಾನು ಯಾರು ಕೇಳ್ಲಿಕ್ಕೆ.

ಆದ್ದರಿಂದ ಜನರಿಗೆ ಓಟು ಉಂಟಾ ಅಂತಲೂ ನೋಡಿ. ಸ್ಯಾಕ್ರಮೆಂಟೊದಲ್ಲಿ 2006ರ ಪೆಟ್ಟು ತಿಂದ ಮೇಲೆ ಮತ್ತೆ ಓಟಿಗೆ ಇಡ್ಲಿಲ್ಲ. ಓಟಿಗೆ ಇಡಿ ಅಂತ ಸಹಿ ಸಂಗ್ರಹ ಮಾಡಿದವರು ಇದ್ರು, ಅವರ ಅರ್ಜಿಗಳಲ್ಲಿ ದೋಷ ಉಂಟು ಅಂತ ಹೇಳಿ ತಿರಸ್ಕಾರ, ಕೋರ್ಟೂ ಅದನ್ನೇ ಹೇಳಿತು. ಮಜಾ ಎಂತ ಅಂದ್ರೆ ಆ ಸಹಿ ಸಂಗ್ರಹಕ್ಕೆ ಗುಟ್ಟಲ್ಲಿ ದುಡ್ಡು ಹಾಕಿದವರಲ್ಲಿ ಸೋತು ಹೋದ ಹ್ಯಾನ್ಸನ್ ಕೂಡ ಇದ್ದ, ಸಿಕ್ಕಿ ಬಿದ್ದು ಕ್ಷಮೆ ಕೇಳಿ 50,000 ಡಾಲರ್ ದಂಡವೂ ಆಯ್ತು. ಹಾಗಾಗಿ ವಿರೋಧ ಮಾಡುವವರ ಹಿಂದೆ ಯಾರ ದುಡ್ಡು ಅಂತಲೂ ಕೇಳ್ಬೇಕು, ಪರ ಇರುವವರದ್ದು ಮಾತ್ರ ಅಲ್ಲ. ಷಾರ್ಲೆಟ್‌ನಲ್ಲಿ 2001ರಲ್ಲಿ ಜನ ಓಟು ಹಾಕಿ ಬೇಡ ಅಂದ್ರು, 2002ಕ್ಕೆ ಟೀಮ್ ಹೋಯ್ತು, ಆಮೇಲೆ ಕೌನ್ಸಿಲ್ ಜನರನ್ನು ಕೇಳದೆ ಅರೀನಾ ಕಟ್ಟಿ ಬೇರೆ ಟೀಮ್ ತಂತು.

ದುಡ್ಡು ಕೊಡದೆ ಕೂತ ಸಿಯಾಟಲ್ ಎಂತ ಆಯ್ತು? ಆ ಹಳೆ ಅರೀನಾದ 1962ರ ಛಾವಣಿ ಹಾಗೇ ಇಟ್ಟು ಒಳಗೆಲ್ಲ ಅಗೆದು ಹೊಸದು ಮಾಡಿದ್ರು, 2021ರಲ್ಲಿ ತೆರೆಯಿತು, 100 ಕೋಟಿ ಡಾಲರಿಗಿಂತ ಜಾಸ್ತಿ ಖರ್ಚು, ಹಾಕಿದ್ದು ಖಾಸಗಿಯವರು. ಹದಿಮೂರು ವರ್ಷ ತಡವಾಗಿ, ಬಾಸ್ಕೆಟ್‌ಬಾಲ್ ಟೀಮ್ ಕಳ್ಕೊಂಡ ಮೇಲೆ. ಅದು ಸೋಲಾ ಗೆಲುವಾ ಅಂತ ನಮ್ಮ ಗ್ರೂಪಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಈಗ ನಮ್ಮೂರು. ಮಂಗಳೂರಿಗೆ ಎನ್‌ಬಿಎ ಬರುದಿಲ್ಲ, ಕನಸು ಬೇಡ. ಆದ್ರೆ ಸರ್ಕಾರಿ ಜಾಗದಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಕ್ರೀಡಾ ಸಂಕೀರ್ಣ, ಮಾಲು, ಕನ್ವೆನ್ಶನ್ ಸೆಂಟರ್ ಅಂತ ಘೋಷಣೆ ಆಗಾಗ ಬರ್ತದೆ, ಉಡುಪಿಯಲ್ಲೂ ಬರ್ತದೆ. ಮಂಗಳಾ ಸ್ಟೇಡಿಯಂ, ಯು.ಎಸ್. ಮಲ್ಯ ಇಂಡೋರ್ ಸ್ಟೇಡಿಯಂ, ಎಮ್ಮೆಕೆರೆ ಈಜುಕೊಳ, ಅಜ್ಜರಕಾಡು ಸ್ಟೇಡಿಯಂ ಇವೆಲ್ಲ ಸಾರ್ವಜನಿಕ ಸ್ವತ್ತು, ಮುಂದೆ ಇಂಥದ್ದು ಯಾವುದಕ್ಕೆ ಹೊಸ ಯೋಜನೆ ಬಂದ್ರೂ ಮೇಲೆ ಹೇಳಿದ ಪ್ರಶ್ನೆಗಳೇ ಸಾಕು. ಜಾಗ ಯಾರದ್ದು, ಎಷ್ಟು ವರ್ಷ ಲೀಸ್, ಖರ್ಚು ಏರಿದ್ರೆ ಯಾರು, ಹತ್ತು ವರ್ಷದ ಮೇಲೆ ರಿಪೇರಿ ಯಾರು, ಸಾಮಾನ್ಯ ಮಕ್ಕಳಿಗೆ ಗಂಟೆಗೆ ಎಷ್ಟು ಫೀಸು. ಕೊನೆಯದ್ದು ಅಮೆರಿಕದವರು ಕೇಳುದಿಲ್ಲ, ನಾವು ಕೇಳ್ಬೇಕು.

ಕೇಳುದು ಹೇಗೆ ಅಂದ್ರೆ ಆರ್‌ಟಿಐ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಆ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದ ಒಳಗೆ, ನನ್ನ ಮೊದಲ ಅರ್ಜಿ ಮೂರು ಪುಟ ಇತ್ತು, ಸ್ಯಾಕ್ರಮೆಂಟೊ ಕಥೆ ಎಲ್ಲ ಬರೆದಿದ್ದೆ, ಹಾಗೇ ವಾಪಸ್ ಬಂತು. ಯಾಕೆ, ಹೇಗೆ, ಇದು ಸರಿಯಾ ಅಂತ ಕೇಳ್ಬೇಡಿ, ಅದಕ್ಕೆ ಅವರು ಉತ್ತರ ಕೊಡ್ಬೇಕಾಗಿಲ್ಲ. ದಾಖಲೆ ಕೇಳಿ. ಇಂಥ ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ಪ್ರತಿ, ಟೆಂಡರ್ ದಾಖಲೆ ಪ್ರತಿ, ಸಹಿ ಆದ ಒಪ್ಪಂದದ ಪ್ರತಿ ಎಲ್ಲ ಅನುಬಂಧ ಸಮೇತ. ಅನುಬಂಧ ಅಂತ ಬರಿಲಿಕ್ಕೆ ಮರಿಬೇಡಿ, ಬಾಡಿಗೆ, ಬಳಕೆ ಶುಲ್ಕ, ರಿಪೇರಿ ಎಲ್ಲ ಅಡಗಿ ಕೂರುದು ಅಲ್ಲೇ. ಪುಟಕ್ಕೆ 2 ರೂಪಾಯಿ ಲೆಕ್ಕದಲ್ಲಿ ಝೆರಾಕ್ಸ್ ಕೊಡ್ತಾರೆ. 30 ದಿನದಲ್ಲಿ ಉತ್ತರ ಬರ್ಬೇಕು, ಬರದಿದ್ರೆ ಅಲ್ಲಿಂದ 30 ದಿನದ ಒಳಗೆ ಮೊದಲ ಮೇಲ್ಮನವಿ ಹಾಕ್ಬೇಕು. ನಾನು ಎರಡನೇ ಸಲ ಈ 30 ದಿನ ಲೆಕ್ಕ ಹಾಕದೆ ಪ್ಲೇಆಫ್ ನೋಡ್ತಾ ಕೂತು ತಾರೀಕು ದಾಟಿಸಿದೆ, ಈಗ ಅರ್ಜಿ ಕೊಟ್ಟ ದಿನವೇ ಕ್ಯಾಲೆಂಡರಿನಲ್ಲಿ ಎರಡು ತಾರೀಕಿಗೂ ಕೆಂಪು ಸುತ್ತು ಹಾಕಿ ಇಡುದು.